ಸೋಡಾ ತಣ್ಣಗೆ ಮಾಡಿದ ನೀರು

ಕಾಲು ಲೋಟ ನೇರಳೆ ಹಣ್ಣಿನ ವೈನು, ಅದರ ಎರಡರಷ್ಟು ಗೋಲಿ ಸೋಡಾ, ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು, ಮೇಲೆ ಸೌತೆಕಾಯಿಯ ಮೂರು ತೆಳು ಬಿಲ್ಲೆ. ಇಷ್ಟೇ. ಲೋಟಕ್ಕೆ ಸಕ್ಕರೆ ಹಾಕಬಾರದು, ಬೆಲ್ಲದ ಹೆಸರೆತ್ತಬಾರದು. ಇದನ್ನು ದಿನಾ ಸಂಜೆ ಮಾಡಿಕೊಟ್ಟು, ಒಂದೂವರೆ ವರ್ಷದಲ್ಲಿ ನಮ್ಮೂರ ಗೌಡನ ಹೊಟ್ಟೆಯನ್ನು ನಾನು ಕರಗಿಸಿದೆ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಪಶ್ಚಾತ್ತಾಪ ಪಡುವಂಥದ್ದು ಅದೊಂದೇ. ಆ ಹೊಟ್ಟೆಯನ್ನು ಅದರ ಪಾಡಿಗೆ ಬಿಡಬೇಕಿತ್ತು.

ಗೌಡ ಸತ್ತು ಎಷ್ಟೋ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ಬಿಡಲಿಲ್ಲ, ಸತ್ತ ಮೇಲೂ ಆಡಬಾರದು ಎಂದರೆ ಮತ್ತೆ ಯಾವಾಗ ಆಡೋಣ? ಅವನ ಹೆಸರು ಬರೆಯುವುದಿಲ್ಲ, ಅಷ್ಟು ಮರ್ಯಾದೆ ಅವನಿಗೆ ಸಾಕು. ಊರು ದಂಡಿಗನಹಳ್ಳಿ ಹೋಬಳಿಗೆ ಸೇರಿದ್ದು. ಅದರ ಹೆಸರೂ ಬೇಡ.

ಈ ವಿದ್ಯೆ ನನಗೆ ಹತ್ತಿದ್ದು ಅರಕಲಗೂಡಿನಿಂದ ಮಲ್ಲಿಪಟ್ಟಣ ದಾಟಿ ಮೇಲಕ್ಕೆ ಹೋದರೆ ಸಿಗುತ್ತಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ. ಐವತ್ತರ ದಶಕದ ಮೊದಲಲ್ಲಿ ಅಲ್ಲಿಗೆ ಕಳೆ ಕೀಳುವ ಕೂಲಿಗೆ ಹೋದವನು ನಾನು. ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವನು ಜ್ವರ ಬಂದು ಮಲಗಿದಾಗ ಎರಡು ದಿನದ ಮಟ್ಟಿಗೆ ನನ್ನನ್ನು ಕರೆದರು. ಆ ಎರಡು ದಿನ ಏಳು ವರ್ಷವಾಯಿತು. ದೊರೆ ಬಿಳಿಯವನು, ಇದ್ದರೂ ಇಲ್ಲದ ಹಾಗೆ ಇರುತ್ತಿದ್ದ. ಮನೆ ನಡೆಸುತ್ತಿದ್ದವಳು ದೊರೆಸಾನಿ. ಅವಳೇನು ದೇವತೆಯಲ್ಲ. ಒಂದು ಗಾಜಿನ ಲೋಟ ಒಡೆದರೆ ಭೂಮಿ ಆಕಾಶ ಒಂದು ಮಾಡುತ್ತಿದ್ದಳು. ಆದರೆ ನಾನು ಮುಟ್ಟಿದ ನೀರನ್ನು ಅವಳು ಕುಡಿಯುತ್ತಿದ್ದಳು. ಅದು ಅವಳಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಮೊದಲ ದಿನ ಅವಳು ಲೋಟ ಖಾಲಿ ಮಾಡುವವರೆಗೂ ನಾನು ಬಾಗಿಲಲ್ಲೇ ನಿಂತು ನೋಡಿದ್ದೆ.

ಅವಳಿಗೆ ದಪ್ಪಗಾಗುವ ಭಯ. ಸಂಜೆಯಾದರೆ ಕುಡಿಯಬೇಕು, ಕುಡಿದರೆ ಮೈ ಬರಬಾರದು. ಹಾಗಾಗಿ ಮನೆಯಲ್ಲೇ ಹಣ್ಣಿನ ವೈನು ಮಾಡಿಸಿ, ಅದನ್ನು ಸೋಡಾದಲ್ಲಿ ತೆಳ್ಳಗೆ ಮಾಡಿ ಕುಡಿಯುತ್ತಿದ್ದಳು. ನೇರಳೆ, ಕಿತ್ತಳೆ, ಯಾವುದು ಸಿಕ್ಕಿದರೆ ಅದು. ಜಾಡಿಯನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕು, ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ಉಜ್ಜಬೇಕು, ಹಣ್ಣನ್ನು ಜಜ್ಜಿ ಬೀಜ ಒಡೆಯದ ಹಾಗೆ ನೋಡಿಕೊಳ್ಳಬೇಕು, ಕಾಯಿಸಿ ಆರಿಸಿದ ನೀರು, ಹುದುಗುವಾಗ ಸಿಹಿಯೆಲ್ಲ ಕಳೆದುಹೋಗುವಷ್ಟು ಮಾತ್ರ ಸಕ್ಕರೆ, ಒಂದು ಹಿಡಿ ಗೋಧಿ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲಲ್ಲಿ ಇಟ್ಟು, ಮೂರು ವಾರ ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುಗಿಸಬೇಕು. ಆಮೇಲೆ ಸೋಸಿ ಮೂರು ತಿಂಗಳು ಅದರ ತಂಟೆಗೆ ಹೋಗಬಾರದು. ಇಷ್ಟನ್ನೂ ಅವಳು ನನಗೆ ಬೈದು ಬೈದು ಕಲಿಸಿದಳು. ಐವತ್ತರ ದಶಕ ಮುಗಿಯುವ ಹೊತ್ತಿಗೆ ದೊರೆ ಎಸ್ಟೇಟು ಮಾರಿ ಅವಳನ್ನು ಕರೆದುಕೊಂಡು ತನ್ನ ದೇಶಕ್ಕೆ ಹೊರಟುಹೋದ. ನಾನು ಊರಿಗೆ ವಾಪಸು ಬಂದೆ. ಊರಿನವರು ನನಗೆ ಬಟ್ಲರ್ ಎಂದು ಹೆಸರಿಟ್ಟರು. ಅದರಲ್ಲಿ ಗೌರವಕ್ಕಿಂತ ಗೇಲಿಯೇ ಹೆಚ್ಚು.

ನಮ್ಮ ಕೇರಿ ಊರಿನಾಚೆ, ಹಳ್ಳದ ಪಕ್ಕ. ಮೂವತ್ತು ಮನೆಯಿದ್ದರೂ ಒಂದು ಬಾವಿ ಇರಲಿಲ್ಲ. ಮಳೆಗಾಲದಲ್ಲಿ ಹಳ್ಳದ ಮರಳು ಬಗೆದು ಒರತೆಯ ನೀರು ತುಂಬಿಕೊಳ್ಳುತ್ತಿದ್ದೆವು. ಶಿವರಾತ್ರಿ ಕಳೆಯಿತೆಂದರೆ ಒರತೆ ಒಣಗುತ್ತಿತ್ತು. ಆಮೇಲೆ ಊರ ಬಾವಿಯೇ ಗತಿ. ಆ ಬಾವಿಯ ಕಟ್ಟೆಯನ್ನು ನಾವು ಹತ್ತುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಹತ್ತು ಮಾರು ದೂರದಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಮಡಕೆ ಇಟ್ಟು ಹಿಂದಕ್ಕೆ ಸರಿದು ನಿಲ್ಲಬೇಕು. ನೀರು ಸೇದಲು ಬಂದ ಊರ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ, ತಮ್ಮ ಕೊಡವನ್ನು ಎತ್ತಿ ಹಿಡಿದು, ನಮ್ಮ ಮಡಕೆಗೆ ತಾಗದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಮಡಕೆಗೆ, ಅರ್ಧ ಕಲ್ಲಿಗೆ. ನನ್ನವ್ವ ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಒಂದು ಮಡಕೆಯೊಂದಿಗೆ ಬರುತ್ತಿದ್ದಳು.

ಕೇರಿಗಳಿಗೆ ಸರ್ಕಾರವೇ ಬಾವಿ ತೋಡಿಸಿಕೊಡುತ್ತದೆ ಎಂಬ ಸುದ್ದಿಯನ್ನು ನಾನೇ ಚನ್ನರಾಯಪಟ್ಟಣದಿಂದ ತಂದೆ. ಬ್ಲಾಕ್ ಆಫೀಸಿನ ಒಬ್ಬ ಗುಮಾಸ್ತ ಅರ್ಜಿಯನ್ನೂ ಬರೆದುಕೊಟ್ಟ. ಕೇರಿಯವರ ಹೆಬ್ಬೆಟ್ಟುಗಳೆಲ್ಲ ಬಿದ್ದವು. ಜಾಗವೂ ಇತ್ತು. ಇನ್ನು ಬೇಕಾಗಿದ್ದದ್ದು ಪಂಚಾಯ್ತಿ ಛೇರ್ಮನ್ನನ ಒಂದು ರುಜು. ಛೇರ್ಮನ್ನು ಯಾರು ಎಂದರೆ ಗೌಡನೇ. ಅರ್ಜಿ ಹಿಡಿದು ಅವನ ಮನೆಯ ಮುಂದೆ ನಾನು ಎಷ್ಟು ಸಲ ನಿಂತೆನೋ ಲೆಕ್ಕವಿಲ್ಲ. ಪ್ರತಿ ಸಲವೂ ನೋಡಾನ, ನೋಡಾನ ಎನ್ನುತ್ತಿದ್ದ. ಅವನು ನೋಡಿದ್ದು ಮಾತ್ರ ಕಾಣೆ.

ಹೀಗಿರುವಾಗ ಒಂದು ದಿನ ಅವನೇ ನನಗೆ ಹೇಳಿಕಳಿಸಿದ. ಹಾಸನದ ಡಾಕ್ಟರು ಅವನಿಗೆ ಸಕ್ಕರೆ ಕಾಯಿಲೆ ಎಂದಿದ್ದರಂತೆ. ಬ್ರಾಂದಿ ನಿಲ್ಲಿಸು, ಮೈ ಇಳಿಸು, ಇಲ್ಲದಿದ್ದರೆ ಕಾಲು ಹೋಗುತ್ತದೆ ಎಂದು ಹೆದರಿಸಿದ್ದರಂತೆ. ಪಾನನಿರೋಧದ ಆ ಕಾಲದಲ್ಲಿ ಬ್ರಾಂದಿ ಎಲ್ಲಿಂದ ಬರುತ್ತಿತ್ತೋ ನಾನು ಕೇಳಿದವನಲ್ಲ. ಪೂರ್ತಿ ಬಿಡಲು ಆಗುವುದಿಲ್ಲ ಎಂದು ಇವನು ಗೋಗರೆದ ಮೇಲೆ, ಕುಡಿಯಲೇಬೇಕಾದರೆ ತೆಳ್ಳಗಿರುವುದನ್ನು, ಸಿಹಿಯಿಲ್ಲದ್ದನ್ನು ಒಂದೇ ಒಂದು ಲೋಟ ಕುಡಿ ಎಂದಿದ್ದರು. ಅವನಿಗೆ ನನ್ನ ದೊರೆಸಾನಿ ನೆನಪಾದಳು. ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಯಾರೋ ಅವನ ಕಿವಿಯಲ್ಲಿ ಊದಿಯೂ ಇದ್ದರು.

ನಾನು ಜಗಲಿಯ ಕೆಳಗೆ ನಿಂತಿದ್ದೆ. ಅವನು ಮೇಲೆ ಕುರ್ಚಿಯಲ್ಲಿ ಕೂತಿದ್ದ. ನಾನು ಮುಟ್ಟಿದ್ದನ್ನು ಕುಡಿಯುತ್ತೀರಾ ಬುದ್ಧೀ ಎಂದು ಕೇಳಿಯೇಬಿಟ್ಟೆ. ಅವನಿಗೆ ನಗು ಬಂತು.

"ಎಂಡಕ್ಕೆ ಎಲ್ಲೀ ಮೈಲ್ಗೆ ಕಣ್ಲಾ," ಎಂದ. "ಮೈಲ್ಗೆ ಇರಾದು ನೀರ್ಗೆ."

ಈ ಒಂದು ಮಾತಿನ ಮೇಲೆ ಅವನು ಒಂದು ಶಾಸ್ತ್ರವನ್ನೇ ಕಟ್ಟಿದ. ಹಣ್ಣಿಗೆ ಮೈಲಿಗೆಯಿಲ್ಲ, ಆದ್ದರಿಂದ ನಾನು ನೇರಳೆ ಜಜ್ಜಬಹುದು, ನಿಂಬೆ ಹಿಂಡಬಹುದು, ಸೌತೆಕಾಯಿ ಹೆಚ್ಚಬಹುದು. ಸೋಡಾ ಮೆಷಿನ್ನಿನಲ್ಲಿ ಆಗುವುದು, ಗೋಲಿ ಒತ್ತಿ ನಾನು ಸುರಿಯಬಹುದು. ವೈನಿಗೆ ಹಾಕುವ ನೀರು ಮಾತ್ರ ಅವನ ತೋಟದ ಬಾವಿಯದೇ ಆಗಬೇಕು, ಅವನ ಆಳೇ ಕಾಯಿಸಬೇಕು, ಆಳೇ ಜಾಡಿಗೆ ಸುರಿಯಬೇಕು. ಲೋಟವನ್ನೂ ಆಳೇ ತೊಳೆದು ಇಡಬೇಕು, ಆಳೇ ಎತ್ತಿ ಗೌಡನ ಕೈಗೆ ಕೊಡಬೇಕು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ. ಮನೆಯ ಹೆಂಗಸರಿಗೆ ಇದು ಔಷಧಿಯ ಪಾನಕ ಎಂದು ಹೇಳಿದ್ದಾಯಿತು. ಕೆಲಸವೆಲ್ಲ ತೆಂಗಿನ ತೋಟದ ಪಂಪುಮನೆಯಲ್ಲಿ ನಡೆಯಬೇಕೆಂದು ತೀರ್ಮಾನವಾಯಿತು.

ನಾನು ಒಪ್ಪಿದೆ. ಬಾವಿಗೋಸ್ಕರ ಒಪ್ಪಿದೆ. ಮುಂದಿನ ಸಲ ಡಾಕ್ಟರು ಕಾಯಿಲೆ ಇಳಿದಿದೆ ಎಂದರೆ ರುಜು ಹಾಕುತ್ತೇನೆ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ. ಅವತ್ತಿನಿಂದ ಆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲೇ ಇಟ್ಟುಕೊಂಡೆ. ಬೆವರಿಗೆ ಅದರ ಅಂಚೆಲ್ಲ ಹಳದಿಯಾಯಿತು.

ಆಷಾಢದಲ್ಲಿ ಕೆರೆ ಏರಿಯ ನೇರಳೆ ಮರಗಳ ಕೆಳಗೆ ನೆಲವೆಲ್ಲ ನೀಲಿ. ನಾಲ್ಕು ದೊಡ್ಡ ಉಪ್ಪಿನಕಾಯಿ ಜಾಡಿ ತುಂಬ ಹಣ್ಣು ಆರಿಸಿದೆ. ಬೀಜ ಒಡೆಯದ ಹಾಗೆ ಮರದ ಕೊರಡಿನಲ್ಲಿ ಜಜ್ಜಿದೆ. ತೋಟದ ಆಳು ದೂರದಲ್ಲಿ ನಿಂತು ನೀರು ಸುರಿದ. ವಯಸ್ಸಾದ ಮನುಷ್ಯ, ಮಾತು ಕಡಿಮೆ, ನಮ್ಮ ಕಷ್ಟ ಅವನಿಗೆ ಗೊತ್ತಿದ್ದರೂ ಗೊತ್ತಿಲ್ಲದವನ ಹಾಗೆ ಇರುತ್ತಿದ್ದ. ಅವನ ಮೇಲೂ ನನಗೆ ಸಿಟ್ಟಿತ್ತು. ದೀಪಾವಳಿ ಹೊತ್ತಿಗೆ ವೈನು ತಿಳಿಯಾಯಿತು. ದೊರೆಸಾನಿ ನೋಡಿದ್ದರೆ ಅವಳೂ ತಪ್ಪು ಹುಡುಕುತ್ತಿರಲಿಲ್ಲ. ನಾನು ಕೆಲಸದಲ್ಲಿ ಕಳ್ಳತನ ಮಾಡಿದವನಲ್ಲ, ಯಾರಿಗೆ ಮಾಡಿದರೂ ಸರಿ, ಮಾಡಿದ್ದು ಚೆನ್ನಾಗಿರಬೇಕು. ಈ ಗುಣದಿಂದ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ.

ಮೊದಲ ಲೋಟ ಕುಡಿದು ಗೌಡ ಮುಖ ಕಿವುಚಿದ. ಇದೇನು ಗಂಟಲಿಗೆ ಇಳಿದದ್ದೇ ಗೊತ್ತಾಗಲ್ಲ ಎಂದ. ಒಂದು ವಾರ ಕಳೆಯುವಷ್ಟರಲ್ಲಿ ಸೂರ್ಯ ಇಳಿಯುವ ಮುಂಚೆಯೇ ಪಂಪುಮನೆಗೆ ಬಂದು ಕೂರತೊಡಗಿದ. ಡಾಕ್ಟರು ಹೇಳಿದ ಒಂದು ಲೋಟ ಅವನ ಲೆಕ್ಕದಲ್ಲಿ ಮೂರು ನಾಲ್ಕಾಯಿತು. ತಿಂಗಳಿಗೊಮ್ಮೆ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗೆ ಹೋಗಿ, ಮೂಟೆ ತೂಗುವ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದ. ಒಂಬತ್ತು ಮಣ, ಈಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಕಿಲೋ, ಇದ್ದವನು ಎಂಟೂವರೆಗೆ ಬಂದ, ಆಮೇಲೆ ಎಂಟಕ್ಕೆ. ಪಂಚೆ ಸೊಂಟದಿಂದ ಜಾರತೊಡಗಿ ಬೆಲ್ಟು ಕೊಂಡುಕೊಂಡ. ಹಾಸನದ ಡಾಕ್ಟರು ಬೆನ್ನು ತಟ್ಟಿದರಂತೆ.

ಈಗ ರುಜು ಹಾಕಿ ಬುದ್ಧೀ ಎಂದೆ. ಇನ್ನೊಂದು ಸಲ ತೋರಿಸಿಕೊಂಡು ಬರುತ್ತೇನೆ, ಆಮೇಲೆ ನೋಡಾನ ಎಂದ. ಇನ್ನೊಂದು ಸಲವೂ ಆಯಿತು. ಪಂಚಾಯ್ತಿ ಮೀಟಿಂಗು ಆಗಲಿ ಎಂದ. ಮೀಟಿಂಗು ಆಯಿತು, ಸೀಲು ಮನೆಯಲ್ಲಿ ಸಿಗುತ್ತಿಲ್ಲ ಎಂದ. ಮೂಗಿಗೆ ತುಪ್ಪ ಸವರುವುದರಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ನಾನೂ ಸುಮ್ಮನೆ ಗೋಲಿ ಒತ್ತುತ್ತಲೇ ಹೋದೆ. ಆ ವರ್ಷದ ವೈನು ಮುಗಿಯುವ ಮುಂಚೆ ಮತ್ತೆ ಆಷಾಢ ಬಂತು, ಮತ್ತೆ ಜಾಡಿ ತುಂಬಿಸಿದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಬೇರೆ ನೀರಲ್ಲ, ಸೋಡಾ ತಣ್ಣಗೆ ಮಾಡುವ ನೀರು.

ಸೋಡಾ ಚನ್ನರಾಯಪಟ್ಟಣದಿಂದ ಮಧ್ಯಾಹ್ನದ ಬಸ್ಸಿನಲ್ಲಿ ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಬಿಸಿಲಿಗೆ ಬಾಟಲಿ ಕಾದು ಮುಟ್ಟಲು ಆಗುತ್ತಿರಲಿಲ್ಲ. ಬಿಸಿ ಸೋಡಾದಲ್ಲಿ ಈ ಕುಡಿತ ಬಾಯಿಗೆ ಇಡುವಂತಿರುವುದಿಲ್ಲ. ಅದಕ್ಕೆ ಪಂಪುಮನೆಯ ನೆರಳಿನಲ್ಲಿ ಒಂದು ಮಣ್ಣಿನ ಬಾನಿ ಇಟ್ಟಿದ್ದೆವು. ಆಳು ತೋಟದ ಬಾವಿಯ ನೀರನ್ನು ಎರಡು ಕೊಡ ಅದಕ್ಕೆ ಸುರಿಯುತ್ತಿದ್ದ. ನಾನು ಬಾಟಲಿಗಳನ್ನು ಅದರಲ್ಲಿ ಮುಳುಗಿಸಿ ಸಂಜೆಯವರೆಗೆ ಬಿಡುತ್ತಿದ್ದೆ. ಬಾಟಲಿ ತೆಗೆಯುವಾಗ ನನ್ನ ಕೈ ಆ ನೀರಿನಲ್ಲಿ ಅದ್ದುತ್ತಿತ್ತು. ಅಲ್ಲಿಗೆ ಆ ನೀರು ಮೈಲಿಗೆಯಾಯಿತು. ದನಕ್ಕೂ ಕುಡಿಸುವ ಹಾಗಿಲ್ಲ. ನನ್ನ ಕೈಯಲ್ಲೇ ಅದನ್ನು ಒಂದು ತೆಂಗಿನ ಮರದ ಬುಡಕ್ಕೆ ಚೆಲ್ಲಿಸುತ್ತಿದ್ದರು. ದಿನಾ ಎರಡು ಕೊಡ.

ಎರಡನೆಯ ವರ್ಷದ ಬೇಸಿಗೆ. ಒರತೆ ಯಾವತ್ತಿಗಿಂತ ಮುಂಚೆಯೇ ಒಣಗಿತ್ತು. ಅದೇ ಸಮಯಕ್ಕೆ ನನ್ನ ಹೆಂಡತಿಗೆ ಹೆರಿಗೆಯಾಯಿತು, ಚೊಚ್ಚಲು ಹೆಣ್ಣುಮಗು. ಬಾಣಂತಿಗೆ ಹಂಡೆ ಹಂಡೆ ಬಿಸಿನೀರು ಹುಯ್ಯಬೇಕು. ಮೈಯ ನೋವೆಲ್ಲ ಆ ನೀರಿನಲ್ಲೇ ಇಳಿಯಬೇಕು ಎಂದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ನನ್ನವ್ವ ಕೋಳಿ ಕೂಗುವ ಮುಂಚೆ ಎದ್ದು ಚಪ್ಪಡಿ ಕಲ್ಲಿನ ಹತ್ತಿರ ನಿಲ್ಲುತ್ತಿದ್ದಳು. ಬಾಣಂತಿ ಅವಳೆ ಕಣ್ರವ್ವಾ, ಒಂದು ಕೊಡ ಹುಯ್ಯಿರಿ ಎಂದು ಬಂದವರನ್ನೆಲ್ಲ ಬೇಡುತ್ತಿದ್ದಳು. ಗೌಡನ ಸೊಸೆಯೊಬ್ಬಳು, ನೀವು ಹೆರೋದಕ್ಕೆಲ್ಲ ನಾವು ನೀರು ಸೇದೋಕಾಗುತ್ತಾ ಎಂದಳಂತೆ. ಆ ದಿನ ಒಂದೇ ಮಡಕೆ ಬಂತು. ಅದರಲ್ಲೇ ಅಡುಗೆ, ಅದರಲ್ಲೇ ಕುಡಿಯುವುದು. ಉಳಿದದ್ದನ್ನು ಕಾಯಿಸಿ, ಬಟ್ಟೆ ಅದ್ದಿ, ನನ್ನವ್ವ ಸೊಸೆಯ ಮೈ ಒರೆಸಿದಳು. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿಕೊಂಡು ಅತ್ತಳು. ನಾನು ಹೊರಗೆ ಹೋಗಿ ನಿಂತೆ. ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು.

ಆ ಸಂಜೆ ಬಾನಿಯ ನೀರು ಚೆಲ್ಲುವ ಹೊತ್ತಿಗೆ ನಾನು ಚೆಲ್ಲಲಿಲ್ಲ. ಗೌಡನ ಮುಂದೆ ಹೋಗಿ ಕೈಕಟ್ಟಿ ನಿಂತೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಈ ನೀರು ಹೇಗೂ ನಾನು ಮುಟ್ಟಿ ಕೆಟ್ಟದ್ದು, ನಿಮಗೆ ಬರುವುದಿಲ್ಲ, ದಿನಾ ನಾನು ಮನೆಗೆ ಹೊತ್ತುಕೊಂಡು ಹೋಗುತ್ತೇನೆ ಎಂದೆ. ಬೇಡುವುದು ನನಗೆ ಬರುವುದಿಲ್ಲ. ಅವತ್ತು ಬೇಡಿದೆ. ಅವನು ಲೋಟದಲ್ಲಿದ್ದ ಸೌತೆಕಾಯಿ ಬಿಲ್ಲೆಯನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು ಅಗಿದ.

"ಕೊಡಬೌದು ಕಣ್ಲಾ," ಎಂದ. "ಇವತ್ತು ನೀನು ಒತ್ಕೊಂಡೋದ್ರೆ, ನಾಳೀಕೆ ಕೇರಿ ಎಂಗುಸ್ರೆಲ್ಲ ಮಡ್ಕೆ ಇಡ್ಕಂಡು ತ್ವಾಟುಕ್ ಬತ್ತಾರೆ. ಅಬ್ಯಾಸ ಆಗೋಯ್ತದೆ."

ಬಾನಿಯನ್ನು ಮರದ ಬುಡಕ್ಕೆ ಬಗ್ಗಿಸಿದೆ. ನೀರು ಮಣ್ಣಿನೊಳಗೆ ಇಳಿಯುವವರೆಗೂ ನೋಡುತ್ತ ನಿಂತಿದ್ದೆ. ಅವನು ಬೈದು ಕಳಿಸಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವನು ಬೈಯಲಿಲ್ಲ, ಬಹಳ ನಿಧಾನವಾಗಿ, ಬುದ್ಧಿವಂತನ ಹಾಗೆ ವಿವರಿಸಿದ. ಅವನಿಗೆ ಏನಾದರೂ ಮಾಡಬೇಕು ಎಂದು ನಾನು ತೀರ್ಮಾನಿಸಿದ್ದು ಅಲ್ಲೇ. ಏನು ಎಂದು ಮಾತ್ರ ಗೊತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಗೌಡನ ಕಿರಿ ಮಗಳಿಗೆ ಹೊಳೆನರಸೀಪುರದ ಕಡೆಯ ದೊಡ್ಡ ಮನೆಯೊಂದರಿಂದ ಸಂಬಂಧ ಕೂಡಿಬಂದಿತ್ತು. ಹೇಮಾವತಿ ದಡದಲ್ಲಿ ಗದ್ದೆಯಿದ್ದವರು. ಗಂಡಿನ ತಂದೆ ಮತ್ತು ಅವನ ತಮ್ಮ ಮಾತುಕತೆ ಮುಗಿಸಲು ಬಂದರು. ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟಿನ ಮನೆ ಎಂದು ಊರೆಲ್ಲ ಮೊದಲೇ ಸುದ್ದಿಯಾಗಿತ್ತು. ನಮ್ಮವರು ಅವರ ಗದ್ದೆಯ ಬದುವಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯುವಂತಿರಲಿಲ್ಲವಂತೆ. ಸಂಜೆ ಗೌಡ ಅವರನ್ನು ಪಂಪುಮನೆಗೆ ಕರೆತಂದ. ತಾನು ಹೇಗೆ ಸಣ್ಣಗಾದೆ ಎಂದು ಬೀಗರಿಗೆ ತೋರಿಸುವ ಹುಮ್ಮಸ್ಸು ಅವನಿಗೆ. ನನಗೆ ಮಾತ್ರ ಗೋಡೆಯ ಹಿಂದೆ ನಿಂತೇ ಬೆರೆಸಬೇಕು, ಮುಖ ತೋರಿಸಬಾರದು, ಕೆಮ್ಮಲೂ ಬಾರದು ಎಂದು ಹೇಳಿದ್ದ. ಲೋಟಗಳನ್ನು ಆಳು ಒಳಗೆ ಒಯ್ಯುತ್ತಿದ್ದ. ಮಾಡಿದವನು ಅವನೇ ಎಂದು ಬೀಗರು ತಿಳಿದಿದ್ದರು.

ಗೋಡೆಯ ಹಿಂದೆ ನನಗೆ ಎಲ್ಲ ಕೇಳಿಸುತ್ತಿತ್ತು. ಬೀಗರು ಒಂದು ಲೋಟ ಕುಡಿದು ಹೊಗಳಿದರು, ಇನ್ನೊಂದು ಕೇಳಿದರು. ಬೇಸಿಗೆಗೆ ಇದಕ್ಕಿಂತ ಹಿತವಾದದ್ದು ಇಲ್ಲ ಎಂದರು. ಗೌಡ ನೇರಳೆಯ ಗುಣ ಹೇಳಿದ, ಕೊಬ್ಬರಿ ತಕ್ಕಡಿಯ ಕಥೆ ಹೇಳಿದ. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗಿ ಕೇರಿಯ ಮೇಲೆ ಬಂತು. ಬೀಗ, ನಮ್ಮ ಕಡೆ ಅವರೂ ಬಾವಿ ಕೇಳುತ್ತಿದ್ದಾರೆ ಎಂದ. ನಮ್ಮಲ್ಲೂ ಒಬ್ಬ ಎರಡು ವರ್ಷದಿಂದ ಅರ್ಜಿ ಹಿಡಿದುಕೊಂಡು ಬಾಲ ಅಲ್ಲಾಡಿಸುತ್ತಾನೆ ಎಂದು ನಮ್ಮ ಗೌಡ ಹೇಳಿದ. ಬಾವಿ ಕೊಟ್ಟರೆ ನಾಳೆ ಅವನು ಕರೆದಾಗ ಕೆಲಸಕ್ಕೆ ಬರುತ್ತಾನೆಯೇ ಎಂದೂ ಸೇರಿಸಿದ. ಮೂವರೂ ನಕ್ಕರು.

ಆ ನಗು ಕೇಳಿದ ಮೇಲೆ ನನಗೆ ಏನು ಮಾಡಬೇಕೆಂದು ಹೊಳೆಯಿತು. ಎರಡು ವರ್ಷ ನನ್ನನ್ನು ಯಾಕೆ ಆಡಿಸಿದ ಎಂಬುದೂ ತಿಳಿಯಿತು. ಆಳಿನ ಕೈಯಲ್ಲಿ ಹೇಳಿಸಿ ಗೌಡನನ್ನು ಹೊರಗೆ ಕರೆಸಿದೆ. ಸೋಡಾ ಸಾಲುವುದಿಲ್ಲ ಎಂದು ಕರೆದಿರಬೇಕೆಂದು ಅವನು ನಗುಮುಖದಲ್ಲೇ ಬಂದ. ಹಿಂದಿನ ತಿಂಗಳು ಬಸ್ಸಿನ ಕುಲುಕಾಟಕ್ಕೆ ಬಾಟಲಿಗಳು ಒಡೆದು, ಎಷ್ಟೋ ದಿನ ನಾಲ್ಕರ ಬದಲು ಎರಡೇ ಬರುತ್ತಿದ್ದವು. ಅದು ಅವನಿಗೂ ಗೊತ್ತಿತ್ತು. ಆಗಲೂ ಅವನ ಲೋಟಗಳು ತುಂಬಿಯೇ ಇರುತ್ತಿದ್ದವು.

ನಾನು ದನಿ ಎತ್ತಲಿಲ್ಲ.

"ಬುದ್ಧೀ, ಸೋಡಾ ಒಡದೋಗಿ ಎಲ್ಡೇ ಬತ್ತಿದ್ವಲ್ಲ, ಆವಾಗ ಲೋಟ ಎಂಗೆ ತುಂಬ್ತಿತ್ತು ಅಂದ್ಕಂಡಿದ್ರಿ?" ಎಂದೆ. "ನಮ್ಮವ್ವನ ಮಡ್ಕೆ ನೀರು ಅದು. ಇವತ್ತು ಬೀಗ್ರು ಕುಡುದ್ರಲ್ಲ, ಅದ್ರಲ್ಲೂ ಅದೇಯ."

ಅವನು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅರ್ಥವಾಯಿತು. ಮುಖದ ಬಣ್ಣ ಇಳಿಯಿತು. ಎರಡು ಬೆರಳನ್ನು ಗಂಟಲಿಗೆ ಹಾಕಲು ಹೋದವನು ಒಳಗೆ ಬೀಗರ ದನಿ ಕೇಳಿ ನಿಲ್ಲಿಸಿದ. ನನ್ನ ಕೆನ್ನೆಗೆ ಹೊಡೆಯಲು ಕೈ ಎತ್ತಿದ, ಅದನ್ನೂ ನಿಲ್ಲಿಸಿದ. ಹೊಡೆದರೆ ಸದ್ದಾಗುತ್ತದಲ್ಲ.

"ಸುಳ್ಳು ಅಂತ ಯೋಳ್ಲಾ," ಎಂದ. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ.

ನಾನು ಜೇಬಿನಿಂದ ಅರ್ಜಿ ತೆಗೆದು ಬಿಡಿಸಿದೆ. "ನಿಜವೋ ಸುಳ್ಳೋ ಒಳಿಕ್ಕೋಗಿ ಬೀಗ್ರ ಮುಂದೇನೇ ಯೋಳ್ತೀನಿ. ಬ್ಯಾಡ ಅಂದ್ರೆ ಇಲ್ಲೇ ರುಜು ಆಕಿ."

ಜೇಬಿನಲ್ಲಿ ಯಾವಾಗಲೂ ಪೆನ್ನು ಸಿಕ್ಕಿಸಿಕೊಂಡಿರುವುದು ಛೇರ್ಮನ್ನನಾದ ಮೇಲೆ ಅವನು ಕಲಿತ ಶೋಕಿ. ಆ ಪೆನ್ನು ಅವತ್ತು ಕೆಲಸಕ್ಕೆ ಬಂತು. ಪಂಪುಮನೆಯ ಗೋಡೆಗೆ ಕಾಗದ ಒತ್ತಿ ಹಿಡಿದು ರುಜು ಹಾಕಿದ. ಸೀಲು? ಸೀಲು ಅಷ್ಟು ದಿನ ಮನೆಯಲ್ಲಿ ಸಿಗದೆ ಇದ್ದದ್ದು ಆಳನ್ನು ಓಡಿಸಿದ ಮೇಲೆ ಮೂರು ನಿಮಿಷದಲ್ಲಿ ಸಿಕ್ಕಿತು. ಕಾಗದ ಮುಟ್ಟುವಾಗ ನನ್ನ ಬೆರಳು ತಾಗಿದರೂ ಅವನಿಗೆ ಗಮನವಿರಲಿಲ್ಲ. ಒಳಗೆ ಹೋಗಿ ಮತ್ತೆ ಬೀಗರ ಜೊತೆ ಕೂತು ನಕ್ಕ. ನಗಲೇಬೇಕಿತ್ತು.

ಮರುದಿನ ಮೊದಲ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋಗಿ ಅರ್ಜಿಯನ್ನು ಗುಮಾಸ್ತನ ಕೈಗೆ ಕೊಟ್ಟೆ. ಗೌಡ ಅಡ್ಡಗಾಲು ಹಾಕುತ್ತಾನೆಂದು ಹೆದರಿದ್ದೆ. ಹಾಕಲಿಲ್ಲ. ಹಾಕಿದರೆ ನಾನು ಹೊಳೆನರಸೀಪುರದ ಬಸ್ಸು ಹತ್ತುತ್ತೇನೆಂದು ಅವನಿಗೆ ಗೊತ್ತಿತ್ತು. ಮಗಳ ಮದುವೆಯಾಗಿ ಅವಳು ಆ ಮನೆ ಸೇರಿದ ಮೇಲಂತೂ ಅವನ ಬಾಯಿಗೆ ಪೂರ್ತಿ ಬೀಗ ಬಿತ್ತು. ಏನೋ ಹರಕೆಯೆಂದು ಮನೆಯಲ್ಲಿ ಸುಳ್ಳು ಹೇಳಿ ಹೊಳೆಗೆ ಹೋಗಿ ಮುಳುಗಿ ಬಂದನಂತೆ. ನಲವತ್ತು ದಿನ ಬೆಳಿಗ್ಗೆ ಗಂಜಲ ಕುಡಿದನಂತೆ. ಇದನ್ನೆಲ್ಲ ಆಳೇ ನನಗೆ ಹೇಳಿದ, ಯಾಕೆ ಎಂದು ಅವನಿಗೆ ತಿಳಿದಿರಲಿಲ್ಲ. ಉಳಿದ ವೈನನ್ನು ಜಾಡಿ ಸಮೇತ ತಿಪ್ಪೆಗೆ ಎಸೆಸಿದ. ಅಷ್ಟು ಒಳ್ಳೆಯ ವೈನು. ಅದಕ್ಕೆ ಮಾತ್ರ ನನಗೆ ಹೊಟ್ಟೆ ಉರಿಯಿತು.

ಅವನು ಬ್ರಾಂದಿಗೆ ವಾಪಸು ಹೋದ, ಹೊಟ್ಟೆಯೂ ವಾಪಸು ಬಂತು. ಕೆಲವು ವರ್ಷದ ಮೇಲೆ ಕಾಲಿಗೆ ಗಾಯವಾಗಿ, ವಾಸಿಯಾಗದೆ, ಡಾಕ್ಟರು ಹೇಳಿದ ಹಾಗೇ ಆಯಿತು. ಸುದ್ದಿ ಕೇಳಿದಾಗ ನಾನು ಹಾಸನದ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದೆ. ಊರಿನಲ್ಲಿ ನನಗೆ ಯಾರೂ ಕೆಲಸ ಕೊಡದ ಹಾಗೆ ಅವನು ಮಾಡಿದ್ದ, ಅಷ್ಟಾದರೂ ಸೇಡು ತೀರಿಸಿಕೊಂಡಿದ್ದ. ಅಯ್ಯೋ ಪಾಪ ಅನ್ನಿಸಿತಾ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ. ಸುಳ್ಳು ಹೇಳಿ, ಹೆದರಿಸಿ ರುಜು ಹಾಕಿಸಿಕೊಂಡದ್ದು ತಪ್ಪಲ್ಲವಾ ಎಂದು ಈಚೆಗೆ ನನ್ನ ಅಳಿಯ ಕೇಳಿದ. ಅವನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಕೇಳಲಿ.

ಸುಳ್ಳು ಎಂದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ.

ಬಾವಿ ತೋಡಿದ್ದು ಮುಂದಿನ ವರ್ಷ, ಸುಗ್ಗಿ ಮುಗಿದ ಮೇಲೆ. ಕೇರಿಯವರೆಲ್ಲ ಸೇರಿ ಮಣ್ಣು ಹೊತ್ತೆವು. ಐದು ಆಳೆತ್ತರದ ಆಳಕ್ಕೆ ಬಂಡೆಯ ಸಂದಿಯಿಂದ ನೀರು ಜಿನುಗಿತು. ಅಲ್ಲಿಯವರೆಗೆ ನಾನು ಪಂಪುಮನೆಯ ವಿಷಯವನ್ನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಕೇರಿಯಲ್ಲಿ ಒಬ್ಬರಿಗೆ ಹೇಳಿದರೆ ಸಂಜೆಗೆ ಊರಿಗೆ ಗೊತ್ತಾಗುತ್ತದೆ. ನೀರು ಕಂಡ ದಿನ ಇನ್ನು ಹೆದರಿಕೆಯಿಲ್ಲ ಎಂದು, ಬಾವಿಯ ದಡದಲ್ಲಿ ಕೂತು ನಮ್ಮವರಿಗೆಲ್ಲ ಹೇಳಿದೆ. ಗೌಡ ಎರಡು ಬೆರಳನ್ನು ಬಾಯಿಗೆ ಹಾಕಲು ಹೋದದ್ದನ್ನು ಅಭಿನಯಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನ್ನವ್ವ ನಗಲಿಲ್ಲ. ಕೆಸರು ನೀರು ತುಂಬಿದ ಚೊಂಬನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಸೀದಾ ನನ್ನ ಮುಂದೆ ಬಂದು ನಿಂತಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

"ಬಾಣ್ತಿ ನೀರ್ನ ಒತ್ಕೊಂಡೋಗಿ ಆ ಮೂದೇವಿ ಲೋಟುಕ್ ಉಯ್ದ್ಯೇನ್ಲಾ?" ಎಂದಳು. "ನಾನು ಅಂಗ್ಲಾಚಿ ತಂದಿದ್ದು. ಎಷ್ಟು ಮಡ್ಕೆ ಉಯ್ದೆ, ಯೋಳು."

ಒಂದು ತೊಟ್ಟೂ ಇಲ್ಲ ಕಣವ್ವ ಎಂದೆ. ಸೋಡಾ ಕಡಿಮೆ ಬಿದ್ದ ದಿನ ನಾನು ಹಾಕುತ್ತಿದ್ದದ್ದು ಎಳನೀರು, ಗೌಡನ ತೋಟದ್ದೇ, ಅವನ ಆಳೇ ಕಿತ್ತು ಕೆತ್ತಿಕೊಟ್ಟದ್ದು. ಆಳನ್ನು ಒಂದು ಮಾತು ಕೇಳಿದ್ದರೆ ಗೌಡನಿಗೆ ಗೊತ್ತಾಗುತ್ತಿತ್ತು. ಆದರೆ ಗುಟ್ಟು ಬಯಲಾದೀತೆಂದು ಕೇಳಲು ಬಾಯಿ ಬರಲಿಲ್ಲ. ಅವ್ವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆಗ ನಾನು, ನಮ್ಮ ಮನೆಯಲ್ಲಿ ಅವನ ಲೋಟಕ್ಕೆ ಹುಯ್ಯುವಷ್ಟು ನೀರು ಇದ್ದಿದ್ದರೆ ನಮಗೆ ಬಾವಿ ಯಾಕೆ ಬೇಕಿತ್ತವ್ವಾ ಎಂದು ಕೇಳಿದೆ. ಅವಳು ಬಾವಿಯೊಳಕ್ಕೆ ಒಮ್ಮೆ ಇಣುಕಿ, ಅದೂ ಸರಿಯೇ ಎಂದು ಚೊಂಬು ಎತ್ತಿಕೊಂಡು ಹೋದಳು.

ಗೌಡನಿಗೆ ಇದು ಹೊಳೆಯಲಿಲ್ಲ. ನಾನು ಹಾಗೆಂದ ತಕ್ಷಣ ಅವನಿಗೆ ಮೈಲಿಗೆ ನೆನಪಾಯಿತು, ಬೀಗರು ನೆನಪಾದರು. ಹದಿನೈದು ದಿನದ ಹಿಂದೆ ಇದೇ ಮನುಷ್ಯ ನನ್ನ ಮುಂದೆ ಕೈಕಟ್ಟಿ ನಿಂತು ಚೆಲ್ಲುವ ನೀರನ್ನು ಬೇಡಿದ್ದನಲ್ಲ, ಇವನ ಮನೆಯಲ್ಲಿ ನನಗೆ ಹಾಕಲು ನೀರು ಎಲ್ಲಿಂದ ಬರಬೇಕು ಎಂದು ಒಂದು ಸಲ ಯೋಚಿಸಿದ್ದರೆ ಅವನು ಅವತ್ತೇ ಪಾರಾಗುತ್ತಿದ್ದ. ಯೋಚಿಸಲಿಲ್ಲ. ಬಾವಿ ಕೊಡದೆ ಆಡಿಸಿದ್ದನ್ನು ಬೇಕಾದರೆ ಮರೆತೇನು, ಇದನ್ನು ಮಾತ್ರ ಅವನಿಗೆ ನಾನು ಇವತ್ತಿಗೂ ಕ್ಷಮಿಸಿಲ್ಲ.